ನಕ್ಷತ್ರಿಕನನ್ನು ನೋಡಿ ನಗುವವರು

ಅನಂತಮೂರ್ತಿಯವರ 'ಸಂಸ್ಕಾರ'ವನ್ನು ತಮಾಷೆಯ ಕಾದಂಬರಿ ಅಂದರೆ ಕೆಲವರು ಜಗಳಕ್ಕೇ ಬರುತ್ತಾರೆ. ಆದರೆ ಅದರ ಮೊದಲ ಭಾಗ ಓದುವಾಗ ನನಗೆ ಪ್ರತಿ ಸಲ ನಗು ಬರುತ್ತದೆ. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತುಕೊಂಡು ಬಂದು ಸತ್ತಿದ್ದಾನೆ. ಬದುಕಿದ್ದಾಗ ಅಗ್ರಹಾರದ ಆಚಾರವನ್ನೆಲ್ಲ ಗಾಳಿಗೆ ತೂರಿದವನು, ಅವನ ಹೆಣ ಸುಡೋರು ಯಾರು? ಯಾರಿಗೂ ಬೇಡ. ಆಗ ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದಿಡುತ್ತಾಳೆ, ಖರ್ಚಿಗೆ ಆಗಲಿ ಅಂತ. ಅಲ್ಲಿಂದ ಶುರು. ಒಲ್ಲೆ ಅಂದವರಿಗೆಲ್ಲ ಈಗ ಧರ್ಮಶಾಸ್ತ್ರದ ಇನ್ನೊಂದು ಮಗ್ಗುಲು ಕಾಣತೊಡಗುತ್ತದೆ. ಹೆಣ ಎತ್ತುವ ತನಕ ಉಣ್ಣುವ ಹಾಗಿಲ್ಲ. ಹಸಿವು ತಡೆಯಲಾರದ ದಾಸಾಚಾರ್ಯ ಮೆಲ್ಲಗೆ ಪಾರಿಜಾತಪುರಕ್ಕೆ ಹೋಗಿ, ಯಾರ ಮನೆಯಲ್ಲಿ ತಿನ್ನಬಾರದೋ ಅವರ ಮನೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಮನೆಗಳ ಮೇಲೆ ಹದ್ದು ಬಂದು ಕೂತರೆ ಶಂಖ ಊದಿ, ಜಾಗಟೆ ಬಾರಿಸಿ ಓಡಿಸುತ್ತಾರೆ. ಇಲಿಗಳು ಸಾಯುತ್ತಿವೆ, ಪ್ಲೇಗ್ ಬಂದು ಬಾಗಿಲಲ್ಲಿ ನಿಂತಿದೆ, ಇವರಿಗೆ ಬಂಗಾರದ ಚಿಂತೆ.

1965ರಲ್ಲಿ ಬಂದ ಕಾದಂಬರಿ. ತೀರ್ಥಹಳ್ಳಿ ಸೀಮೆಯವರು ಬರೆದದ್ದು, ತುಂಗಾ ತೀರದ ಕತೆ. (1970ರಲ್ಲಿ ಬಂದ ಸಿನಿಮಾದಲ್ಲಿ ನಾರಣಪ್ಪನಾಗಿ ನಟಿಸಿದ್ದು ನಮ್ಮ ಕೊನಗವಳ್ಳಿಯ ಲಂಕೇಶ್. ಆ ಪಾತ್ರಕ್ಕೆ ಅವರಿಗಿಂತ ಸರಿಯಾದವರು ಸಿಗುತ್ತಿರಲಿಲ್ಲ.) ಅಷ್ಟು ನಗಿಸುವ ಪುಟಗಳಲ್ಲಿ ಚಂದ್ರಿಯ ಮೇಲೆ ಒಂದು ನಗುವೂ ಬೀಳುವುದಿಲ್ಲ, ಗಮನಿಸಿದ್ದೀರಾ? ಅಲ್ಲಿ ದುಃಖ ಇರುವುದು ಅವಳೊಬ್ಬಳಿಗೆ. ಕೊನೆಗೆ ರಾತ್ರಿ ಹೊತ್ತಿನಲ್ಲಿ ಒಬ್ಬ ಬ್ಯಾರಿಯ ಸಹಾಯ ಪಡೆದು ಹೆಣ ಸುಡಿಸಿ ಹೋಗುವವಳೂ ಅವಳೇ. ನಾವು ನಗೋದು ಬಂಗಾರ ನೋಡಿದವರನ್ನು ನೋಡಿ. ಲೇಖಕರು ನಮ್ಮ ನಗುವನ್ನು ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಬಿಡುತ್ತಾರೆ, ಒಂದು ಹನಿಯೂ ಆಚೆ ಚೆಲ್ಲೋಕೆ ಬಿಡುವುದಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. "ತಮಾಷೆಯನ್ನ ತಮಾಷೆಯಾಗಿ ತಗೊಳ್ಳಿ" ಅನ್ನೋ ಮಾತು ಈಚೆಗೆ ಜಾಸ್ತಿಯಾಗಿದೆ. ಯಾರಿಗೋ ನೋವಾಯ್ತು ಅಂದ ಕೂಡಲೇ ಈ ಮಾತು ಬರುತ್ತದೆ. ಇನ್ನೊಂದು ಕಡೆಯವರು, ನೋವಿರುವ ಜಾಗದಲ್ಲಿ ನಗಲೇಬಾರದು ಅಂತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ನೋವಿರುವ ಕಡೆಯೇ ನಗು ಹುಟ್ಟೋದು, ಹಳೆಯ ಕಾಲದಿಂದಲೂ. 10ನೇ ಶತಮಾನದ ರನ್ನನ 'ಗದಾಯುದ್ಧ'ವನ್ನೇ ನೋಡಿ, ಅಷ್ಟು ರಕ್ತ ಹರಿಯುವ ಕಾವ್ಯದೊಳಗೂ ಒಬ್ಬ ವಿದೂಷಕನಿದ್ದಾನೆ. ನಾನು ಕೇಳೋದು ಬೇರೆ ಪ್ರಶ್ನೆ. ನೋವು ಯಾರದು? ನಗು ಶುರು ಮಾಡಿದವರು ಯಾರು? ನೋವು ತಿಂದವರಿಗೆ ಆ ನಗುವಿನಲ್ಲಿ ಪಾಲು ಇದೆಯಾ?

ಯಕ್ಷಗಾನದ ಕೀಚಕವಧೆಯಿಂದ ಶುರು ಮಾಡುತ್ತೇನೆ. ನಮ್ಮ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಈ ಪ್ರಸಂಗ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆ ಹಿಡಿಯುವ ತನಕ ಎಲ್ಲಾದರೂ ಒಂದು ಕಡೆ ಕೀಚಕ ಸಾಯುತ್ತಲೇ ಇರುತ್ತಾನೆ. ವಿರಾಟನ ಅರಮನೆಯಲ್ಲಿ ದ್ರೌಪದಿ ಸೈರಂಧ್ರಿಯಾಗಿದ್ದಾಳೆ. ರಾಣಿಯ ತಮ್ಮ ಕೀಚಕ ಅವಳ ಬೆನ್ನು ಬೀಳುತ್ತಾನೆ. ಆಮೇಲೆ ತುಂಬಿದ ಸಭೆಯಲ್ಲಿ, ರಾಜನ ಎದುರು ಅವಳನ್ನು ಒದೆಯುತ್ತಾನೆ. ಕಂಕನಾಗಿ ಕೂತಿದ್ದ ಧರ್ಮರಾಯ ಕಣ್ಣಾರೆ ನೋಡಿಯೂ ಸುಮ್ಮನಿರುತ್ತಾನೆ. ಆಮೇಲೆ ಭೀಮ. ಕತ್ತಲೆಯ ನಾಟ್ಯಶಾಲೆಯಲ್ಲಿ ಸೀರೆ ಹೊದ್ದು ಮಲಗಿದ ಭೀಮ.

ಆ ಕೊನೆಯ ದೃಶ್ಯಕ್ಕೆ ಇಡೀ ಬಯಲು ನಗುತ್ತದೆ. ನಿದ್ದೆ ಹೋದ ಮಕ್ಕಳನ್ನೂ ಎಬ್ಬಿಸಿ ಕೂರಿಸುತ್ತಾರೆ. ಕೀಚಕ ಗಂಧ ಪೂಸಿಕೊಂಡು ಬಂದು, ಹೆಣ್ಣೆಂದು ಭೀಮನ ತೋಳು ಮುಟ್ಟಿ, ಇದೇನಪ್ಪಾ ಇಷ್ಟು ಗಟ್ಟಿ ಅಂತ ಅನುಮಾನಪಡುತ್ತಾನೆ. ಎರಡು ನಿಮಿಷದಲ್ಲಿ ಅವನು ಮಾಂಸದ ಮುದ್ದೆ. ಕ್ರೂರ ಸಾವೇ ಅದು, ಅನುಮಾನ ಬೇಡ. ಆದರೂ ಅಲ್ಲಿಯ ನಗುವಿನ ಬಗ್ಗೆ ನನ್ನ ತಕರಾರಿಲ್ಲ. ಸಭೆಯಲ್ಲಿ ಯಾರೂ ಬಾಯಿ ಬಿಡದಿದ್ದಾಗ ಗಂಟಲಲ್ಲಿ ಸಿಕ್ಕಿಕೊಂಡದ್ದು ಇಲ್ಲಿ ಹೊರಗೆ ಬರುತ್ತದೆ.

ತಕರಾರಿರುವುದು ಮೊದಲ ನಗುವಿನ ಬಗ್ಗೆ. ಸಭೆಗೂ ಮುಂಚೆ, ಕೀಚಕ ಸೈರಂಧ್ರಿಯ ದಾರಿ ಅಡ್ಡಗಟ್ಟುವ ಜಾಗವಿದೆಯಲ್ಲ, ಅದನ್ನು ಶೃಂಗಾರಕ್ಕೆ ಹಾಸ್ಯ ಬೆರೆಸಿ ಆಡುವುದು ರೂಢಿ. ಅವಳು ಈ ಕಡೆ ತಿರುಗಿದರೆ ಅವನು ಈ ಕಡೆ, ಆ ಕಡೆ ಸರಿದರೆ ಆ ಕಡೆ. ಕೀಚಕನ ಪಾತ್ರಧಾರಿ ಚುರುಕಿನವನಾದರೆ ಕಾಲು ಗಂಟೆ ಎಳೆಯುತ್ತಾನೆ, ಸಿಳ್ಳೆ ಬೀಳುತ್ತದೆ. ಒಂದು ಸಲ ಹೊಸನಗರದ ಹತ್ತಿರದ ಒಂದು ಬಯಲಾಟದಲ್ಲಿ ನನ್ನ ಪಕ್ಕ ಚಾಪೆ ಹಾಸಿಕೊಂಡು ಒಬ್ಬರು ಅಜ್ಜಿ ಕೂತಿದ್ದರು. ಎಲ್ಲರೂ ನಗುವಾಗ ಅವರು ನಗಲಿಲ್ಲ. ಕವಳದ ಸಂಚಿ ಬಿಚ್ಚಿ ಎಲೆಯ ತೊಟ್ಟು ಮುರಿಯುತ್ತಾ, "ಅದು ಬ್ಯಾಡ ಅಂತಿದೆಯಲ್ಲ, ಬಿಡ್ಬಾರ್ದಾ?" ಅಂದರು. ಯಾರಿಗೂ ಅಂತ ಹೇಳಿದ್ದಲ್ಲ. ನನಗೆ ಕೇಳಿಸಿತು ಅಷ್ಟೇ.

ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ಒದೆಯುವಾಗ ನಾವೆಲ್ಲ ಅಯ್ಯೋ ಅಂದೆವು. ಒದೆ ಬೀಳುವ ಮುಂಚೆಯೇ ಕ್ರೌರ್ಯ ಶುರುವಾಗಿತ್ತು ಅನ್ನೋದು ಅಜ್ಜಿಗೆ ಕಂಡಿತ್ತು. ಬೇಡ ಅನ್ನುವವಳ ಹಿಂದೆ ಬೀಳೋದು ರಂಗದ ಮೇಲೆ ತಮಾಷೆಯಾದರೆ ಬಸ್ ಸ್ಟ್ಯಾಂಡಿನಲ್ಲೂ ತಮಾಷೆಯೇ ಆಗುತ್ತದೆ. ಕಾಲೇಜು ಮುಗಿಸಿ ಸಂಜೆಯ ಬಸ್ಸಿಗೆ ಕಾಯುವ ಹುಡುಗಿಯರನ್ನು ಕೇಳಿ ನೋಡಿ. ಒಳ್ಳೆಯ ಕಲಾವಿದರು ಈ ದೃಶ್ಯವನ್ನು ಬೇರೆ ಥರ ಮಾಡಿದ್ದನ್ನೂ ನೋಡಿದ್ದೇನೆ. ಸೈರಂಧ್ರಿಯ ಪಾತ್ರಧಾರಿ ಅಲ್ಲಿ ನಾಚುವುದಿಲ್ಲ, ಹೆದರುತ್ತಾನೆ. ಪ್ರಸಂಗ ಅದೇ, ಪದ್ಯ ಅದೇ, ಸಿಳ್ಳೆ ಮಾತ್ರ ಬೀಳುವುದಿಲ್ಲ.

ನಮ್ಮ ಸಾಹಿತ್ಯದಲ್ಲಿ ಕ್ರೌರ್ಯ ಮತ್ತು ಹಾಸ್ಯ ಒಂದೇ ಮೈಯಲ್ಲಿ ಕೂತಿರುವ ಪಾತ್ರ ಅಂದರೆ ನಕ್ಷತ್ರಿಕ. 13ನೇ ಶತಮಾನದ ರಾಘವಾಂಕನ ಕಾವ್ಯದಿಂದ ಹಿಡಿದು ಕಂಪನಿ ನಾಟಕ, ಯಕ್ಷಗಾನದವರೆಗೆ ಬಂದವನು. ಹರಿಶ್ಚಂದ್ರ ರಾಜ್ಯವನ್ನೆಲ್ಲ ಕೊಟ್ಟಾಯ್ತು, ಆದರೂ ವಿಶ್ವಾಮಿತ್ರನಿಗೆ ಹಣ ಬಾಕಿ. ವಸೂಲಿಗೆ ಅವನ ಶಿಷ್ಯ ನಕ್ಷತ್ರಿಕ ಬೆನ್ನು ಹತ್ತುತ್ತಾನೆ. ನಾಟಕದಲ್ಲಂತೂ ಅವನದು ತಾಳಲಾರದ ಕಾಟ. ಹಸಿವು ಅಂತಾನೆ, ಬಾಯಾರಿಕೆ ಅಂತಾನೆ, ಕಾಲು ನೋವು ನಡೆಯಲಾರೆ ಅಂತ ಕೂತುಬಿಡುತ್ತಾನೆ. ಅಷ್ಟು ದಿನ ಅರಮನೆಯಲ್ಲಿದ್ದ ಚಂದ್ರಮತಿ ಬರಿಗಾಲಲ್ಲಿ, ಕೂಸು ಲೋಹಿತಾಶ್ವ ಬಿಸಿಲಲ್ಲಿ. ನಕ್ಷತ್ರಿಕನ ಪಾತ್ರ ಹಾಸ್ಯಗಾರನಿಗೆ ಮೀಸಲು. ನಮ್ಮ ಮನೆಗಳಲ್ಲಿ ಬೆನ್ನು ಬಿಡದೆ ಪೀಡಿಸುವ ಮಕ್ಕಳಿಗೂ ನಕ್ಷತ್ರಿಕ ಅಂತ ಬೈಯುವಷ್ಟು ಅವನು ನಮ್ಮವನಾಗಿದ್ದಾನೆ.

ಕಾಶಿಯಲ್ಲಿ ಹೆಂಡತಿ, ಮಗನನ್ನು ಮಾರಿ, ಕಡೆಗೆ ತನ್ನನ್ನೂ ಮಾರಿಕೊಂಡು ಹರಿಶ್ಚಂದ್ರ ಸಾಲ ತೀರಿಸುತ್ತಾನೆ. ಅಲ್ಲಿವರೆಗೆ ನಾವು ನಗುತ್ತಿರುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯ ಒಂದು ಮನೆಯ ಜಗಲಿಯಲ್ಲಿ ಸಾಲ ವಸೂಲಿಯ ಹುಡುಗ ಒಬ್ಬ ರಾತ್ರಿ ಎಂಟಾದರೂ ಎದ್ದು ಹೋಗದೆ ಕೂತಿದ್ದ. ವಾರದ ಕಂತಿನ ಸಾಲ, ಹೆಂಗಸರ ಗುಂಪಿನ ಹೆಸರಲ್ಲಿ ಕೊಡುವಂಥದ್ದು. ಒಬ್ಬಳು ಕಟ್ಟದಿದ್ದರೆ ಉಳಿದವರು ಸೇರಿ ಕಟ್ಟಬೇಕು. ಹಾಗಾಗಿ ಹುಡುಗನ ಜೊತೆ ಗುಂಪಿನ ಬೇರೆ ಹೆಂಗಸರೂ ಅಂಗಳದಲ್ಲಿ ನಿಂತಿದ್ದರು. ದಿನಾ ಒಟ್ಟಿಗೆ ತೋಟದ ಕೆಲಸಕ್ಕೆ ಹೋಗುವವರು, ಒಬ್ಬರ ಮನೆಯ ಮಜ್ಜಿಗೆ ಒಬ್ಬರು ಕುಡಿದವರು, ಈಗ ಮುಖ ತಿರುಗಿಸಿ ನಿಂತಿದ್ದರು. ಇದಕ್ಕಿಂತ ಕ್ರೂರವಾದ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ. ಸಾಲಗಾರಳನ್ನು ಹೆದರಿಸೋಕೆ ಅವಳ ಗೆಳತಿಯರನ್ನೇ ಬಳಸೋದು.

ಮನೆಯಾಕೆ ಒಳಗಿನಿಂದ ಮಗಳಿಗೆ ಕೂಗಿ ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. "ನಕ್ಷತ್ರಿಕನಿಗೆ ಒಂದು ಲೋಟ ಚಾ ಕೊಡೇ, ಕಾಲು ನೋವಂತೆ, ಹೊತ್ಕೊಂಡು ಹೋಗು ಅನ್ನೋಕೆ ಮುಂಚೆ!" ಅಂಗಳದಲ್ಲಿದ್ದ ಹೆಂಗಸರು ನಕ್ಕರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಹುಡುಗನ ಮುಖದಲ್ಲೂ ನಗು ಸುಳಿಯಿತು. ಪಾಪ, ಅವನೂ ಎಲ್ಲಿಯದೋ ಬಡವರ ಮನೆ ಮಗ, ಹಣ ತರದಿದ್ದರೆ ಅವನ ಕೆಲಸ ಹೋಗುತ್ತದೆ. ಸಾಲ ಏನೂ ಕರಗಲಿಲ್ಲ. ಆದರೆ ಅಂಗಳದವರು ಆಮೇಲೆ ಮುಖ ತಿರುಗಿಸಿ ನಿಲ್ಲಲಿಲ್ಲ. ಇಬ್ಬರು ಒಳಗೆ ಹೋಗಿ ಚಾ ಕುಡಿದರು.

ಇಂಥ ವಸೂಲಿಯ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಸುದ್ದಿಗಳನ್ನು ಓದಿದ ಮೇಲೆ ನನಗೆ ರಂಗದ ಮೇಲಿನ ನಕ್ಷತ್ರಿಕನನ್ನು ಮೊದಲಿನ ಹಾಗೆ ನೋಡೋಕೆ ಆಗುತ್ತಿಲ್ಲ. ಆ ಮನೆಯಾಕೆ ನಕ್ಷತ್ರಿಕ ಅಂದಾಗ ಬಂದ ನಗು ಬೇರೆ, ಹಾಸ್ಯಗಾರ ಚಂದ್ರಮತಿಯ ಮುಂದೆ ಕುಣಿದಾಗ ನಮಗೆ ಬರುವ ನಗು ಬೇರೆ. ಹೆಸರು ಮಾತ್ರ ಒಂದೇ.

ಈಗ ನನ್ನ ಚಿಕ್ಕಪ್ಪನ ವಿಷಯ ಹೇಳಬೇಕು.

ಅವರಿಗೆ ಉಗ್ಗು ಇತ್ತು. ಸಣ್ಣದಲ್ಲ. ಒಂದು ಅಕ್ಷರಕ್ಕೆ ಸಿಕ್ಕಿಹಾಕಿಕೊಂಡರೆ ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ರಸ್ತೆ ಬದಿಯ ಅಂಗಡಿಗೆ ಬೆಂಕಿಪೊಟ್ಟಣಕ್ಕೆ ಹೋದರೆ "ಬ... ಬ..." ಅನ್ನುವಷ್ಟರಲ್ಲಿ ಅಂಗಡಿಯವನು ಒಂದೊಂದೇ ಸಾಮಾನು ತೆಗೆದು ಮುಂದಿಡುತ್ತಿದ್ದ. "ಬೆಲ್ಲನಾ? ಬಟಾಣಿನಾ? ಬಾಳೆಹಣ್ಣಾ?" ಚಿಕ್ಕಪ್ಪ ಕೈ ತೋರಿಸಿದರೆ, "ಬಾಯಲ್ಲಿ ಹೇಳು ಮಾರಾಯ, ನಂಗೆ ಕಣ್ಣು ಕಾಣಲ್ಲ" ಅನ್ನುತ್ತಿದ್ದ. ಕಟ್ಟೆ ಮೇಲೆ ಕೂತವರಿಗೆಲ್ಲ ಅದು ಸಂಜೆಯ ಮನರಂಜನೆ. ಯಾರೂ ಹೊಡೆದಿಲ್ಲ, ಬೈದಿಲ್ಲ, ದುಡ್ಡಿನಲ್ಲಿ ಮೋಸ ಮಾಡಿಲ್ಲ. ಆ ಅಂಗಡಿಯವನು ನಮ್ಮೂರಲ್ಲಿ ಒಳ್ಳೆಯವನು ಅಂತಲೇ ಹೆಸರು ಮಾಡಿದವನು. ನಾನು ಚಿಕ್ಕಪ್ಪನ ಜೊತೆ ಹೋದಾಗೆಲ್ಲ ಅವರ ಅಂಗಿಯ ತುದಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಕೊನೆಕೊನೆಗೆ ಚಿಕ್ಕಪ್ಪ ಒಂದು ಉಪಾಯ ಮಾಡಿಕೊಂಡರು. ಖಾಲಿ ಬೆಂಕಿಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾತಾಡದೆ ಅದನ್ನು ಹಲಗೆಯ ಮೇಲಿಟ್ಟು ನಿಲ್ಲುವುದು. ಸೋಪು ಬೇಕಾದರೆ ಸೋಪಿನ ಕಾಗದ. ಚಾಪುಡಿಗೆ ಅದರ ಖಾಲಿ ಪೊಟ್ಟಣ. ಅವರ ಜೇಬು ಯಾವಾಗಲೂ ಉಬ್ಬಿಕೊಂಡಿರುತ್ತಿತ್ತು.

ಅದೇ ಚಿಕ್ಕಪ್ಪ ಅಡಿಕೆ ಸುಲಿಯುವ ಕಾಲದಲ್ಲಿ ಬೇರೆಯೇ ಮನುಷ್ಯ. ಈಗ ಎಲ್ಲ ಕಡೆ ಮೆಷಿನ್ ಬಂದಿದೆ. ಆಗ ಕೊನೆ ಕೊಯ್ದ ಹಸಿ ಅಡಿಕೆ ಬಾಡುವ ಮುಂಚೆ ಸುಲಿದು ಮುಗಿಸಿ ಹಂಡೆಗೆ ಹಾಕಬೇಕಿತ್ತು. ಹಾಗಾಗಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಹಿಡಿದು ಬರುತ್ತಿದ್ದರು. ಒಂದೇ ಬಲ್ಬು, ಸಾಲಾಗಿ ಕೂತ ಹೆಂಗಸರು, ನಡುವೆ ಅಡಿಕೆಯ ರಾಶಿ, ಬೆರಳೆಲ್ಲ ಕರಿ. ನಿದ್ದೆ ಬಂದರೆ ಕತ್ತಿಗೆ ಬೆರಳು ಹೋಗುತ್ತದೆ, ಅದಕ್ಕೆ ಯಾರಾದರೂ ಮಾತಾಡುತ್ತಲೇ ಇರಬೇಕು. ಆ ಕೆಲಸ ಚಿಕ್ಕಪ್ಪನದು. ಅವರ ಒಂದು ಕತೆ ನನಗೆ ಬಾಯಿಪಾಠ. ಸಾಲ ಕೇಳೋಕೆ ಜೀಪಿನಲ್ಲಿ ಒಬ್ಬ ಸಾಹೇಬ ಬಂದ. ಅಣ್ಣ ಹಿತ್ತಲ ಬಾಗಿಲಿಂದ ತೋಟಕ್ಕೆ ಇಳಿದಾಗಿತ್ತು. "ಯಜಮಾನ್ರು ಇದ್ದಾರೇನ್ರೀ?" ಅಂತ ಸಾಹೇಬ ಕೇಳಿದ. ಚಿಕ್ಕಪ್ಪ ಶುರು ಮಾಡಿದರು, "ಇ... ಇ... ಇ..." ಸಾಹೇಬ ಕಾದ. 'ಇದ್ದಾರೆ' ಅಂತಾನೋ 'ಇಲ್ಲ' ಅಂತಾನೋ? "ಇ... ಇ..." ಸಾಹೇಬ ಪೆನ್ನು ತೆಗೆದ, ಮುಚ್ಚಿದ. ಜೀಪಿನವನು ಹಾರನ್ ಹಾಕಿದ. "ಇ... ಇ..." ಸಾಹೇಬನೇ ಕಡೆಗೆ, "ಇರ್ಲಿ ಬಿಡ್ರೀ" ಅಂದು ಹೋದನಂತೆ.

ಕತೆ ಹೇಳುವಾಗ ಚಿಕ್ಕಪ್ಪ ಆ 'ಇ'ಯನ್ನು ಬೇಕಂತಲೇ ಎಳೆಯುತ್ತಿದ್ದರು. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಹೆಂಗಸರು ಕತ್ತಿ ಬಿಟ್ಟು ಹಿಂದಕ್ಕೆ ವಾಲಿ ನಗುತ್ತಿದ್ದರು. ಅಂಗಡಿಯಲ್ಲಿ ಕುತ್ತಿಗೆ ಹಿಡಿಯುತ್ತಿದ್ದ ಅದೇ ಉಗ್ಗು ಇಲ್ಲಿ ಅವರ ಕೈಯಲ್ಲಿತ್ತು, ಅವರು ಹೇಳಿದಷ್ಟೇ ಹೊತ್ತು ನಿಲ್ಲುತ್ತಿತ್ತು. ಎರಡೂ ಕಡೆ ಜನ ನಕ್ಕಿದ್ದು ಉಗ್ಗಿಗೇ. ಅಂಗಡಿಯಿಂದ ಬಂದ ಸಂಜೆ ಅವರು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಸುಲಿಯುವ ರಾತ್ರಿ ಮುಗಿದರೂ ಒಳಗೆ ಬಂದು ಮಲಗುತ್ತಿರಲಿಲ್ಲ, ಹಂಡೆಯ ಒಲೆ ಮುಂದೆ ಕೂತು ಇನ್ನೊಬ್ಬರಿಗೆ ಇನ್ನೊಂದು ಕತೆ ಹೇಳುತ್ತಿದ್ದರು. ತಮಾಷೆಯನ್ನ ತಮಾಷೆಯಾಗಿ ತಗೊಳ್ಳಿ ಅನ್ನುವವರು ಈ ಎರಡಕ್ಕೂ ಒಂದೇ ಹೆಸರು ಕೊಡುತ್ತಾರೆ. ನನಗೆ ಅದಕ್ಕೇ ಸಿಟ್ಟು.

ಸುಲಿಯುವ ಸಾಲಿನ ನಗುವೂ ಪೂರ್ತಿ ಒಳ್ಳೆಯದು ಅಂತ ನಾನು ಹೇಳಲಾರೆ. ಅಲ್ಲಿ ಒಬ್ಬಳು ಬರುತ್ತಿದ್ದಳು, ಗಂಡ ಕುಡಿದು ಹೊಡೆಯುತ್ತಿದ್ದ. ಅವನು ತೂರಾಡಿಕೊಂಡು ಬರುವುದು, ಚಿಲಕ ಸಿಗದೆ ಬಾಗಿಲಿಗೇ ಬೈಯುವುದು, ಇವಳ ಜಡೆ ಅಂತ ಹಗ್ಗಕ್ಕೆ ಕೈ ಹಾಕಿ ಎಳೆಯುವುದು, ಎಲ್ಲವನ್ನೂ ಕೂತಲ್ಲೇ ಮಾಡಿ ತೋರಿಸುತ್ತಿದ್ದಳು. ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು. ನಗು ಇಳಿದ ಮೇಲೆ ಪಕ್ಕದವಳು ಮೆತ್ತಗೆ, "ಇವತ್ತು ಕೈ ಎತ್ತೋಕಾಗ್ತದನೇ?" ಅಂತ ಕೇಳಿ, ಅವಳ ಮುಂದಿನ ರಾಶಿಯಿಂದ ಒಂದು ಮೊರ ಅಡಿಕೆ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಸುಲಿದದ್ದನ್ನು ಅಳೆಯುವಾಗ ಅದು ಅವಳ ಡಬ್ಬಕ್ಕೇ ಹೋಗುತ್ತಿತ್ತು, ಕೂಲಿಯೂ ಅವಳಿಗೇ. ಇಷ್ಟು ಪ್ರೀತಿ ಇತ್ತು ಅಲ್ಲಿ. ಆದರೆ ಆ ಗಂಡನ ಮುಂದೆ ಹೋಗಿ ನಿಂತು ಕೇಳಿದವರು ಯಾರೂ ಇಲ್ಲ. ಅಷ್ಟು ಚೆಂದ ಮಾಡಿ ತೋರಿಸುತ್ತಾಳೆ, ತಡೆದುಕೊಂಡಿದ್ದಾಳೆ ಅಂದುಕೊಂಡರೋ ಏನೋ. ನಗು ಅವಳಿಗೆ ಒಂದು ರಾತ್ರಿ ದಾಟಿಸಿತು, ಅವನಿಗೆ ವರ್ಷಗಳನ್ನೇ ದಾಟಿಸಿತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೋವು ತಿಂದವರೇ ನಗಿಸಿದರೂ ಕೇಳುವವರ ಕೆಲಸ ನಗುವಲ್ಲಿಗೆ ಮುಗಿಯುವುದಿಲ್ಲ ಅನ್ನೋದು ಮಾತ್ರ ಗೊತ್ತು.

ತೇಜಸ್ವಿಯವರ 'ತಬರನ ಕತೆ' ನನಗೆ ಇಷ್ಟು ಹತ್ತಿರವಾಗಿರುವುದು ಇದೇ ಕಾರಣಕ್ಕೆ. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದಾರೆ, ರಾಷ್ಟ್ರಪ್ರಶಸ್ತಿ ಬಂದಿದೆ, ಅದೆಲ್ಲ ಇರಲಿ. ತಬರಶೆಟ್ಟಿ ಮುನಿಸಿಪಾಲಿಟಿಯ ಒಬ್ಬ ಸಣ್ಣ ನೌಕರ. ಬರಬೇಕಾದ ದುಡ್ಡು ಬರುತ್ತಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಕಾಲು ತೆಗೆಯಬೇಕು, ಅದಕ್ಕೆ ಹಣ ಬೇಕು. ಅವನು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾನೆ. ಓದುತ್ತಾ ಹೋದರೆ ಅವನ ಪೆದ್ದುತನಕ್ಕೆ, ಅವನ ಅರ್ಜಿಗಳಿಗೆ, ಮಾತಿನ ಧಾಟಿಗೆ ನಗು ಬರುತ್ತದೆ. ತೇಜಸ್ವಿ ನಗೋಕೆ ಬಿಡುತ್ತಾರೆ, ತಡೆಯುವುದಿಲ್ಲ. ಕತೆಯೊಳಗಿನ ಊರಿನವರಿಗೂ ತಬರ ಒಂದು ತಮಾಷೆ. ಆಮೇಲೆ ಅವನು ಕಟುಕನ ಹತ್ತಿರ ಹೋಗಿ, ನನ್ನ ಹೆಂಡತಿಯ ಕಾಲು ಕಡಿದುಕೊಡ್ತೀಯಾ ಅಂತ ಕೇಳುತ್ತಾನೆ.

ಅಲ್ಲಿಗೆ ಬಂದಾಗ ಓದುಗ ಎಲ್ಲಿ ಕೂತಿದ್ದ ಅನ್ನೋದು ಅವನಿಗೇ ಕಾಣಿಸುತ್ತದೆ. ತಬರ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಡಿಯೋದು ಕಟುಕನ ಕಸುಬು, ಕಡಿಸದಿದ್ದರೆ ಹೆಂಡತಿ ಸಾಯುತ್ತಾಳೆ. ಅವನ ಲೆಕ್ಕ ಸರಿಯಾಗೇ ಇದೆ. ಲೆಕ್ಕ ತಪ್ಪಿರುವುದು ಫೈಲು ಇಟ್ಟುಕೊಂಡು ಕೂತವರದು. ಹೆಂಡತಿ ಸಾಯುತ್ತಾಳೆ. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕಾದ ಯಾರಿಗೂ ಇದು ಹಳೆಯ ಕತೆ ಅನ್ನಿಸುವುದಿಲ್ಲ. ಒಂದು ಕೊಡಲಿಪೆಟ್ಟೂ ಬೀಳದ, ಬೈಗುಳವೂ ಇಲ್ಲದ, 'ನಾಳೆ ಬನ್ನಿ' ಅನ್ನುವ ಎರಡೇ ಮಾತಿನ ಕ್ರೌರ್ಯ ಅದು.

ಶರಾವತಿ ಹಿನ್ನೀರಿನ ಜನರಿಗೆ 'ನಾಳೆ ಬನ್ನಿ' ಅಂದರೆ ಏನು ಅಂತ ಬೇರೆ ಯಾರೂ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರುಗಳು ಮುಳುಗಿದವು, ನಾಡಿಗೆ ಕರೆಂಟು ಬಂತು. ಸಾಗರದ ನಾ. ಡಿಸೋಜ ಇದನ್ನೇ ಜೀವನವಿಡೀ ಬರೆದರು. ಅವರ 'ದ್ವೀಪ' ಓದದವರು ಓದಲೇಬೇಕು. ನೀರು ಏರುತ್ತಿದೆ, ಮನೆ ಬಿಡಲು ಮನಸ್ಸಿಲ್ಲ. ನನಗೆ ಹೇಳಬೇಕಾಗಿದ್ದು ಹಿನ್ನೀರಿನ ಆಚೆ ದಡದ ತುಮರಿ ಕಡೆಯವರ ಮಾತಿನ ಬಗ್ಗೆ. ಸಂಜೆಯ ಮೇಲೆ ಲಾಂಚ್ ಇಲ್ಲದ ಕಾಲದಲ್ಲಿ ಅವರು ಹೇಳುತ್ತಿದ್ದ ತಮಾಷೆಗಳಿವೆಯಲ್ಲ, ಹೆರಿಗೆ ನೋವಿಗೆ ಲಾಂಚಿನ ಟೈಮ್ ಹೇಳಿಕೊಟ್ಟಿದ್ದೇವೆ, ಹಾವಿಗೂ ಹಗಲು ಹೊತ್ತೇ ಕಚ್ಚು ಅಂದಿದ್ದೇವೆ, ಅಂಥವು. ಕೇಳಿದ ಹೊರಗಿನವರು ನಗಬೇಕೋ ಬೇಡವೋ ತಿಳಿಯದೆ ಮುಖ ನೋಡುತ್ತಿದ್ದರು. ಅವರೇ ಮೊದಲು ನಕ್ಕು ಧೈರ್ಯ ಕೊಡುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು. ಆರು ದಶಕ ಆ ಜನ ಈ ತಮಾಷೆಗಳನ್ನು ಇಟ್ಟುಕೊಂಡಿದ್ದರು. ಅದನ್ನು ಅವರ ಮುಂದೆ ನಾನು ಹೇಳಿದರೆ ಸರಿಯಾಗುವುದಿಲ್ಲ. ಅದು ಅವರು ಹೇಳಬೇಕಾದದ್ದು.

ಮಳೆಗಾಲದಲ್ಲಿ ನಮ್ಮ ಅಂಗಳಗಳಲ್ಲಿ ಪಾಚಿ ಕಟ್ಟುತ್ತದೆ. ಅಡಿಕೆ ದಬ್ಬೆ ಹಾಸಿದ್ದರೂ ದಿನಕ್ಕೊಬ್ಬರಾದರೂ ಜಾರಿ ಬೀಳುತ್ತಾರೆ. ಬಿದ್ದ ಕೂಡಲೇ ನೋಡಿದವರಿಗೆ ನಗು, ಅದು ತಡೆಯೋಕೆ ಆಗುವಂಥದ್ದೂ ಅಲ್ಲ. ನಗುತ್ತಲೇ ಓಡಿಬಂದು ರಟ್ಟೆ ಹಿಡಿದು ಎಬ್ಬಿಸಿ "ಪೆಟ್ಟಾಯ್ತಾ?" ಅಂತಾರೆ. ಇದು ನನಗೆ ಇಷ್ಟ. ಈಗ ಹಾಗೆ ಬಿದ್ದ ವಯಸ್ಸಾದವರ ವಿಡಿಯೋಗಳು ಫೋನಿಗೆ ಬರುತ್ತವೆ, ಅದಕ್ಕೆ ಹಿಂದೆ ಒಂದು ಮ್ಯೂಸಿಕ್ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಬಿದ್ದವನದು, ಮನಸ್ಸು ಕೆಟ್ಟು ರಸ್ತೆಯಲ್ಲಿ ಮಾತಾಡಿಕೊಳ್ಳುವ ಹೆಂಗಸಿನದು. ತೆಗೆದವನ ಎರಡೂ ಕೈ ಫೋನಿಗೆ ಬೇಕಾಗಿದೆ. ನಮ್ಮ ಕುಟುಂಬದ ಗುಂಪಿಗೆ ಅಂಥದ್ದೊಂದು ಬಂದಾಗ, ಇದರಲ್ಲಿರುವವರನ್ನು ಯಾರಾದರೂ ಎಬ್ಬಿಸಿದರಾ ಅಂತ ಬರೆದು ಹಾಕಿದೆ. ಕಳಿಸಿದವರು ನನಗೆ ಮಾವ ಆಗಬೇಕು, ದೊಡ್ಡವರು. ಎರಡು ದಿನ ಬಿಟ್ಟು ಫೋನ್ ಮಾಡಿ, ನೀನು ಹೇಳಿದ್ದು ಸರಿ ಮಗ, ನಾನು ಯೋಚನೆ ಮಾಡ್ದೆ ಕಳಿಸಿಬಿಟ್ಟೆ ಅಂದರು. ದೊಡ್ಡತನ ಅವರದು.

ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಹೊಲೆಯರ ನಾಯಿಗುತ್ತಿ, ಅವನ ನಾಯಿ ಹುಲಿಯ. ಗುತ್ತಿಯ ಭಯ, ಬಡಾಯಿ, ತಿಮ್ಮಿಯ ಮೇಲಿನ ಆಸೆ, ಎಲ್ಲದರಲ್ಲೂ ನಗು ಇದೆ. ಆದರೆ ಅವನು ಒಡೆಯರು ಕರೆದಾಗ ಬಂದು ನಗಿಸಿ ಹೋಗುವ ಆಳಲ್ಲ. ಕಾದಂಬರಿ ಅವನ ಹಿಂದೆ ಕಾಡು ಸುತ್ತುತ್ತದೆ. ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋದಾಗ, ಅಷ್ಟು ಹೊತ್ತು ನಗಿಸಿದವನ ದುಃಖ ನಮ್ಮದೂ ಆಗುತ್ತದೆ.

ಈ ವರ್ಷ ನಮ್ಮೂರಿನ ಹುಡುಗರು ಹರಿಶ್ಚಂದ್ರ ನಾಟಕ ಎತ್ತಿಕೊಂಡಿದ್ದಾರೆ. ಶಾಲೆಯ ಕೋಣೆಯಲ್ಲಿ ಪ್ರಾಕ್ಟೀಸ್. ನಕ್ಷತ್ರಿಕನ ಪಾತ್ರಕ್ಕೆ ಸಿಕ್ಕ ಹುಡುಗ ಬಹಳ ಚುರುಕು, ಊರಿಗೆಲ್ಲ ಬೇಕಾದವನು. ಮೊದಲ ದಿನವೇ ಕುಂಟುತ್ತಾ ಬಂದು ಎಲ್ಲರನ್ನೂ ನಗಿಸಿಬಿಟ್ಟ. ನಾನು ಅವನಿಗೆ ಹಾಸ್ಯ ಕಡಿಮೆ ಮಾಡು ಅಂತ ಹೇಳಲಿಲ್ಲ. ಮಾತು ಒಂದೂ ಬದಲಾಯಿಸಬೇಡ, ಆದರೆ ಜನರ ಕಡೆ ತಿರುಗಿ ಆಡಬೇಡ, ಚಂದ್ರಮತಿಯ ಮುಖ ನೋಡಿಕೊಂಡು ಆಡು ಅಂದೆ. ಆಡಿ ನೋಡಿದ. ಮೊದಲೆರಡು ಮಾತಿಗೆ ಕೂತವರು ನಕ್ಕರು, ಮೂರನೆಯದಕ್ಕೆ ಚಂದ್ರಮತಿಯಾಗಿದ್ದ ಹುಡುಗಿ ಸುಮ್ನೆ ಕಣ್ಣೆತ್ತಿ ಅವನನ್ನು ನೋಡಿದಳು, ಇವನಿಗೆ ಮುಂದಿನ ಮಾತು ಮರೆತುಹೋಯಿತು. "ಅಣ್ಣ, ಹಿಂಗೆ ಮಾಡಿದ್ರೆ ನಂಗೆ ಕಷ್ಟ ಆಗ್ತದೆ" ಅಂದ. ಕಷ್ಟ ಆಗಲಿ, ಹಾಗೇ ಮಾಡು ಅಂದೆ. ಹರಿಶ್ಚಂದ್ರನ ಪಾತ್ರದವನಿಗೆ ಇದು ಹಿಡಿಸಿಲ್ಲ, ನಗು ಇಲ್ಲದಿದ್ದರೆ ಜನ ಎದ್ದು ಹೋಗ್ತಾರೆ ಅಂತ ಅವನ ವಾದ. ಇನ್ನೂ ಜಗಳ ನಡೀತಿದೆ. ಸುಗ್ಗಿ ಮುಗಿದ ಮೇಲೆ ನಾಟಕ, ಕೆಲಸಕ್ಕೆ ಹೋಗುವ ಹೆಂಗಸರು ಬೇಗ ಶುರು ಮಾಡಿ ಅಂದಿದ್ದಕ್ಕೆ ರಾತ್ರಿ ಎಂಟಕ್ಕೇ ಪರದೆ ಎತ್ತುತ್ತೇವೆ.